ಸಿಂಗಾಪುರದ ಟಾಯ್ಲೆಟ್‌ಗಳನ್ನು ಉಜ್ಜುವವರು

ಮುಂದಿನ ತಿಂಗಳು ಸಿಂಗಾಪುರಕ್ಕೆ ಬರುತ್ತಿದ್ದೀರಿ. ಇಲ್ಲಿನ ಪಬ್ಲಿಕ್ ಟಾಯ್ಲೆಟ್‌ಗಳು ಚೆನ್ನಾಗಿರುವುದು ದಂಡದ ಭಯಕ್ಕಾ ಅಂತ ಕೇಳಿದ್ದೀರಿ. ಫ್ಲಶ್ ಮಾಡದಿದ್ದರೆ ದಂಡ ಹಾಕುವ ಕಾನೂನು ಇರುವುದು ನಿಜ. ಆದರೆ ನಾನು ಬಂದು 14 ವರ್ಷವಾಯಿತು, ದಂಡ ಹಾಕುವುದನ್ನು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ದಿನಾ ಕಾಣುವುದು ಮಾಪ್ ಹಿಡಿದು ನಿಂತವರನ್ನು.

ಚಾಂಗಿ ಏರ್‌ಪೋರ್ಟ್, ದೊಡ್ಡ ಮಾಲ್‌ಗಳು, ಎಂಆರ್‌ಟಿ ಅಂದರೆ ಇಲ್ಲಿನ ಮೆಟ್ರೋ ಸ್ಟೇಷನ್‌ಗಳಲ್ಲಿ ಟಾಯ್ಲೆಟ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅಲ್ಲಿಂದ ನೇರ ಒಂದು ಹಳೆಯ ಕಾಫಿ ಶಾಪ್‌ಗೆ ಹೋಗಿ ನೋಡಿ. ಇಲ್ಲಿಯವರು ಅದನ್ನು ಕೊಪಿಟಿಯಾಮ್ ಅನ್ನುತ್ತಾರೆ. ಎಷ್ಟೋ ಕಡೆ ನೆಲ ಒದ್ದೆ, ಪೇಪರ್ ಇಲ್ಲ, ವಾಸನೆ ಬೇರೆ. ಬಂದು ಹೋಗುವ ಜನ ಅವರೇ, ಕಾನೂನೂ ಅದೇ ಅಲ್ವಾ? ಉಜ್ಜುವವರು ದಿನಕ್ಕೆ ಎಷ್ಟು ಸಲ ಬರುತ್ತಾರೆ ಅನ್ನುವುದರಲ್ಲೇ ವ್ಯತ್ಯಾಸ ಇದೆ.

ಉಜ್ಜುವವರಲ್ಲಿ ವಯಸ್ಸಾದವರೇ ಜಾಸ್ತಿ. ಎಲ್ಲರೂ ಅವರನ್ನು ಅಂಕಲ್, ಆಂಟಿ ಅಂತಲೇ ಕರೆಯುತ್ತಾರೆ. ನಾನು ಬಂದ ಮೊದಲ ವರ್ಷ ಒಂದು ಮಾಲ್‌ನಲ್ಲಿ ಊರಿನ ಅಭ್ಯಾಸದಂತೆ ಧಾರಾಳವಾಗಿ ನೀರು ಬಳಸಿ, ಸೀಟು, ನೆಲ ಎಲ್ಲ ಒದ್ದೆ ಮಾಡಿ ಹೊರಗೆ ಬಂದೆ. ಬಾಗಿಲಲ್ಲಿ ಒಬ್ಬ ಆಂಟಿ ನಿಂತಿದ್ದರು. ನನ್ನಮ್ಮನಿಗಿಂತ ದೊಡ್ಡವರು. ಒಂದು ಮಾತೂ ಆಡಲಿಲ್ಲ, ಒಳಗೆ ಹೋಗಿ ಬಗ್ಗಿ ಒರೆಸತೊಡಗಿದರು. ಕೈ ತೊಳೆಯುತ್ತಾ ಕನ್ನಡಿಯಲ್ಲಿ ಅದನ್ನು ನೋಡಿದೆ. ಇವತ್ತಿಗೂ ಮರೆತಿಲ್ಲ.

ಈ ಊರು ಮೊದಲಿನಿಂದ ಹೀಗಿತ್ತು ಅಂದುಕೊಳ್ಳಬೇಡಿ. ಆಗಿನ ಪ್ರಧಾನಿ ಲೀ ಕ್ವಾನ್ ಯೂ ಸ್ವಚ್ಛತೆಯ ಆಂದೋಲನ ಶುರು ಮಾಡಿದ್ದು 1968ರಲ್ಲಿ. ಬಕೆಟ್ಟಿನಲ್ಲಿ ಮಲ ಹೊರುವ ಪದ್ಧತಿ ಪೂರ್ತಿ ನಿಂತಿದ್ದು 1987ರಲ್ಲಿ. ಆ ಬಕೆಟ್ ಕಕ್ಕಸನ್ನು ಚಿಕ್ಕಂದಿನಲ್ಲಿ ಬಳಸಿದವರು ಈಗಲೂ ನಮ್ಮ ಬ್ಲಾಕಿನಲ್ಲೇ ಇದ್ದಾರೆ. ಇಲ್ಲಿಯವರೇ ಆದ ಜ್ಯಾಕ್ ಸಿಮ್ ವ್ಯಾಪಾರ ಬಿಟ್ಟು, 2001ರಲ್ಲಿ ವರ್ಲ್ಡ್ ಟಾಯ್ಲೆಟ್ ಆರ್ಗನೈಸೇಷನ್ ಕಟ್ಟಿದರು. ಅದು ಹುಟ್ಟಿದ ದಿನ ನವೆಂಬರ್ 19. ಅದನ್ನೇ ವಿಶ್ವ ಶೌಚಾಲಯ ದಿನ ಎಂದು 2013ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡಿತು. ಜನ ಬಾಯಿಬಿಟ್ಟು ಹೇಳಲು ನಾಚುವ ವಿಷಯವನ್ನು ಅಲ್ಲಿಯವರೆಗೆ ಒಯ್ದರಲ್ಲ, ಅದಕ್ಕೇ ನನಗೆ ಅವರ ಮೇಲೆ ತುಂಬಾ ಗೌರವ.

ಇನ್ನು ನಿಮ್ಮ ವಿಷಯ. ಬ್ಯಾಗಿನಲ್ಲಿ ಯಾವಾಗಲೂ ಟಿಶ್ಯೂ ಇರಲಿ. ನೀರಿನ ಪೈಪ್ ಎಲ್ಲ ಕಡೆ ಇರುವುದಿಲ್ಲ. ಇದ್ದರೆ ಬಳಸಿ, ಸಂಕೋಚ ಬೇಡ. ಆಮೇಲೆ ಪೈಪನ್ನು ಕೊಕ್ಕೆಗೆ ಹಾಕಿ, ಸೀಟು ಒರೆಸಿ ಬನ್ನಿ, ಅರ್ಧ ನಿಮಿಷದ ಕೆಲಸ. ಸೀಟಿನ ಮೇಲೆ ಕಾಲಿಟ್ಟು ಮಾತ್ರ ಕೂರಬೇಡಿ. ಕೂತು ಅಭ್ಯಾಸ ಇಲ್ಲದಿದ್ದರೆ ಪಕ್ಕದ ಬಾಗಿಲು ನೋಡಿ, ಕೆಲವು ಕಡೆ ನಮ್ಮ ಥರದ್ದೂ ಇರುತ್ತದೆ. ಬಾಗಿಲಲ್ಲಿ ಆಂಟಿ ಇದ್ದರೆ ಒಂದು ಥ್ಯಾಂಕ್ಯೂ ಹೇಳಿ. ಅವರಿಗೆ ಹಾಗೆ ಹೇಳುವವರು ಕಮ್ಮಿ.