ಸರಳವಾಗಿ ಹೇಳಿದರೆ ಸುಳ್ಳಾಗುತ್ತದೆಯೇ?

ಮಾನ್ಯರೇ,

ನಿಮ್ಮ ಪತ್ರ ಖಾರವಾಗಿಯೇ ಇದೆ. ಕೃಷಿ ಅರ್ಥಶಾಸ್ತ್ರದ ಸಂಶೋಧನೆಯನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆಯಹೊರಟರೆ ಅದು ಸುಳ್ಳಾಗುತ್ತದೆ ಎಂದಿದ್ದೀರಿ. ರೈತರಿಗೂ ಅಧಿಕಾರಿಗಳಿಗೂ ಗ್ರಾಹಕರಿಗೂ ಒಂದೇ ಲೇಖನ ಸಾಕೇ ಎಂದೂ ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಸುಲಭ. ಸಾಕಾಗುವುದಿಲ್ಲ. ರೈತರಿಗೆ ಅದು ಬಿತ್ತನೆಗೆ ಮುಂಚೆ ಬೇಕು, ಅಧಿಕಾರಿಗೆ ಬಜೆಟ್‌ಗೆ ಮುಂಚೆ. ಲೆಕ್ಕ ಒಂದೇ ಆದರೂ ಅವರ ಪ್ರಶ್ನೆಗಳು ಬೇರೆ ಬೇರೆ.

ಮೊದಲನೆಯದನ್ನು ಮಾತ್ರ ಒಪ್ಪಲಾರೆ. ನೀವೇ ಕೊಟ್ಟ ಸಾಲು ನೋಡಿ: ‘ಈ ಬೆಳೆಯ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ –0.2.’ ಅಂದರೆ, ಬೆಲೆ ಶೇ 10ರಷ್ಟು ಇಳಿದರೂ ಜನ ಕೊಳ್ಳುವುದು ಶೇ 2ರಷ್ಟು ಮಾತ್ರ ಜಾಸ್ತಿ. ಅಗ್ಗವಾಯಿತೆಂದು ಯಾರೂ ಎರಡೆರಡು ಸಲ ಊಟ ಮಾಡುವುದಿಲ್ಲ, ಅಲ್ವಾ? ಈಗ ಇದನ್ನೇ ತಿರುಗಿಸಿ. ಫಸಲು ಶೇ 2ರಷ್ಟು ಹೆಚ್ಚು ಬಂದರೆ, ಅಷ್ಟೂ ಖರ್ಚಾಗಲು ಬೆಲೆ ಹೆಚ್ಚುಕಮ್ಮಿ ಶೇ 10ರಷ್ಟು ಬೀಳಬೇಕು. ಬೆಳೆಗಾರರೆಲ್ಲರ ಒಟ್ಟು ಆದಾಯ ಸುಮಾರು ಶೇ 8ರಷ್ಟು ಕಮ್ಮಿಯಾಗುತ್ತದೆ. ಚೆನ್ನಾಗಿ ಬೆಳೆದ ವರ್ಷವೇ ಕೈಗೆ ಕಾಸು ಕಡಿಮೆ! ಇಷ್ಟು ಹೇಳಿದರೆ ಯಾರಿಗೆ ತಾನೇ ಅರ್ಥವಾಗುವುದಿಲ್ಲ?

ಒಂದು ಷರತ್ತು ಮಾತ್ರ ಇದೆ. ಹೆಚ್ಚುವರಿ ಮಾಲು ಗೋದಾಮಿಗೆ ಹೋಗಬಾರದು, ಹೊರಗೆ ರಫ್ತೂ ಆಗಬಾರದು. ಆಗಲೇ ಈ ಲೆಕ್ಕ ನಿಲ್ಲುವುದು. ಚಿಹ್ನೆ, ಸೂತ್ರಗಳನ್ನು ಬಿಟ್ಟರೆ ಏನೂ ಹಾಳಾಗುವುದಿಲ್ಲ. ಷರತ್ತನ್ನು ಬಿಟ್ಟರೆ ನೀವು ಹೆದರುವ ಸುಳ್ಳು ಅಲ್ಲಿಂದಲೇ ಶುರು.

ಹಾಗೆ ನೋಡಿದರೆ ಇದು ಹೊಸ ಕಸರತ್ತೂ ಅಲ್ಲ. 17ನೇ ಶತಮಾನದ ಇಂಗ್ಲೆಂಡಿನ ಅಂಕಿಅಂಶ ತಜ್ಞ ಗ್ರೆಗರಿ ಕಿಂಗ್ ಹೆಸರಿನಲ್ಲಿ ಉಳಿದಿರುವ ಲೆಕ್ಕವೊಂದಿದೆ. ಧಾನ್ಯದ ಫಸಲು ಹತ್ತರಲ್ಲಿ ಒಂದು ಪಾಲು ಕಮ್ಮಿಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ ಎನ್ನುತ್ತದೆ ಅದು. 1699ರಲ್ಲಿ ಅರ್ಥಶಾಸ್ತ್ರದ ಲೇಖಕ ಚಾರ್ಲ್ಸ್ ಡ್ಯಾವೆನೆಂಟ್ ಅದನ್ನು ಅಚ್ಚು ಹಾಕಿಸಿದ. ಅದರಲ್ಲಿ ಒಂದೇ ಒಂದು ಕಷ್ಟದ ಪದವಿಲ್ಲ.

ನನಗೆ ಭಯವಿರುವುದು ಸುಲಭವಾಗಿ ಕಾಣುವ ಪದಗಳ ಬಗ್ಗೆ. ‘ಸರಾಸರಿ’ಯನ್ನೇ ತೆಗೆದುಕೊಳ್ಳಿ. ಒಂಬತ್ತು ಜನರ ಬಳಿ ಒಂದೊಂದು ಹೆಕ್ಟೇರ್, ಹತ್ತನೆಯವರ ಬಳಿ 91. ಸರಾಸರಿ ಹಿಡುವಳಿ 10 ಹೆಕ್ಟೇರ್. ಆದರೆ ಹತ್ತು ಹೆಕ್ಟೇರ್ ಇರುವವರು ಅಲ್ಲಿ ಒಬ್ಬರೂ ಇಲ್ಲ! ಸುಮ್ನೆ ಸರಾಸರಿ ಬರೆದು ಕೈತೊಳೆದುಕೊಂಡರೆ ಆ ಒಂಬತ್ತು ಜನ ಓದಿ ನಗುತ್ತಾರೆ.

ಕೋಷ್ಟಕಗಳನ್ನು ತೆಗೆಯಬೇಡಿ ಎಂದಿದ್ದೀರಿ. ತೆಗೆಯುವುದಿಲ್ಲ, ಲೇಖನದ ಕೊನೆಗೆ ಹಾಕೋಣ. ನೀವು ಮುಂದಿನ ಲೇಖನ ಕಳಿಸುವಾಗ ಯಾರಿಗೆ ಲಾಭ, ಯಾರಿಗೆ ನಷ್ಟ, ಎಷ್ಟು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಅಧ್ಯಯನದ ವಿಧಾನ ಆಮೇಲೆ ಬರಲಿ.

– ಸಂ.