ತಮ್ಮನ ಸಂಸಾರ, ಅಕ್ಕನ ಫೋನು

ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆದರೂ ಕೆಲವರಿಗೆ ಇದು ತಮ್ಮ ಮನೆಯದೇ ವಿಷಯ ಅನ್ನಿಸಬಹುದು. ಅಷ್ಟು ಸಲ ಇಂಥವರು ಕೌಟುಂಬಿಕ ಆಪ್ತಸಲಹೆಗೆ ನನ್ನ ಬಳಿ ಬರುತ್ತಾರೆ.

ಅಕ್ಕನಿಗೆ ಅರವತ್ತರ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿ, ಹೆಣ್ಣು ಹುಡುಕಿ ಮದುವೆ ಮಾಡಿದವರು. ತಮ್ಮನ ಹೆಂಡತಿ ಈಗ ತಾವು ಮಾಡಿದ ಫೋನ್ ಎತ್ತುವುದಿಲ್ಲ ಅನ್ನುವುದು ಅವರ ದೂರು. "ಅವಳಿಗೆ ಕೆಟ್ಟದ್ದು ಬಯಸಿದೀನಾ ಮೇಡಂ?" ಬಯಸಿರಲಿಲ್ಲ, ನಿಜ. ತಮ್ಮನು ಸ್ನೇಹಿತನ ಸಾಲಕ್ಕೆ ಜಾಮೀನು ನಿಲ್ಲಬಹುದೋ ಬೇಡವೋ, ಮಗುವನ್ನು ಯಾವ ಸ್ಕೂಲಿಗೆ ಹಾಕಬೇಕು, ಎಲ್ಲದಕ್ಕೂ ಇವರದೊಂದು ಮಾತು ಇರುತ್ತಿತ್ತು. ಎಷ್ಟೋ ಸಲ ಆ ಮಾತು ಸರಿಯೂ ಆಗಿರುತ್ತಿತ್ತು. ಕಷ್ಟ ಅಲ್ಲೇ ಇದ್ದದ್ದು. ಸರಿಯಾದ ಮಾತಾಡುವವರಿಗೆ ತಾವು ತಲೆಹಾಕುತ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ.

ಮೂವರನ್ನೂ ಒಟ್ಟಿಗೆ ಕೂರಿಸಿದ ದಿನ ಅಕ್ಕನೇ ಮಾತು ಶುರು ಮಾಡಿದರು. ನಾದಿನಿ ಗಂಡನಿಗೆ ಹೇಳದೆ ತವರಿಗೆ ದುಡ್ಡು ಕಳಿಸಿದ್ದಾಳೆ, ಪಾಸ್‌ಬುಕ್‌ನಲ್ಲಿದೆ ಅಂದರು.

ಆಕೆ ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ? ಒಂದು ಮಾತೂ ಕೇಳ್ಲಿಲ್ವಲ್ಲ ನನ್ನನ್ನ."

ಆತ ಉತ್ತರಿಸಲಿಲ್ಲ. ಆಕೆ ಅಕ್ಕನಿಗೆ ಹೇಳಿದಳು: "ಅತ್ತಿಗೆ, ಜಗಳ ಆಡಕ್ಕೆ ನನಗೆ ನನ್ನ ಗಂಡ ಬೇಕು. ನೀವು ಫೋನ್ ಮಾಡಿದ ತಕ್ಷಣ ಅವರು ನಿಮ್ಮ ತಮ್ಮ ಆಗಿಬಿಡ್ತಾರೆ. ಆಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ?"

ಅಕ್ಕ ಸಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮನನ್ನು ನೋಡಿ, "ನೀನು ಅವಳನ್ನ ಕೇಳೇ ಇಲ್ವೇನೋ?" ಅಂದರು.

"ನೀನು ಕೇಳ್ತೀಯಲ್ಲ ಅಂತ ಸುಮ್ನಿದ್ದೆ ಅಕ್ಕ."

ಅವತ್ತು ಅದಕ್ಕಿಂತ ಹೆಚ್ಚು ನಾನು ಕೆದಕಲಿಲ್ಲ. ಇಬ್ಬರ ನಡುವೆ ಬಿಗಿ ಹೆಚ್ಚಾದಾಗ ಮೂರನೆಯವರನ್ನು ಎಳೆದುಕೊಂಡು ಹಗುರಾಗುವುದನ್ನು ಅಮೆರಿಕದ ಮನೋವೈದ್ಯ ಮುರ್ರೇ ಬೊವೆನ್ ತ್ರಿಕೋನ ಎಂದು ಕರೆದರು. ನಾವು ಬಯ್ಯುವುದು ಒಳಗೆ ಬಂದವರನ್ನು ಮಾತ್ರ. ಬಾಗಿಲು ತೆಗೆದವನನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ನನ್ನ ಸಲಹೆಯ ಭಾರವೆಲ್ಲ ತಮ್ಮನ ಮೇಲೆ ಬಿತ್ತು. ಹೆಂಡತಿಯ ಬಗ್ಗೆ ಏನೇ ಬೇಸರವಿದ್ದರೂ ಮೊದಲು ಅವಳಿಗೇ ಹೇಳಬೇಕು. ಅಕ್ಕನಿಗೆ ಹೇಳಿದ್ದು ಚಿಕ್ಕದು: ನಿಮ್ಮ ತಮ್ಮ ದೂರು ತಂದರೆ "ಅವಳಿಗೆ ಹೇಳಿದ್ಯಾ?" ಅಂತ ಕೇಳಿ, ಅವನ ಪರವಾಗಿ ನಾದಿನಿಗೆ ಫೋನ್ ಮಾಡಬೇಡಿ. ಊಟ, ಹಬ್ಬ, ಮಗುವಿನ ಜ್ವರ ವಿಚಾರಿಸಲು ಧಾರಾಳವಾಗಿ ಮಾಡಿ.

ಇದಕ್ಕೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ಸಾಕಿ ಬೆಳೆಸಿದವಳನ್ನು ದೂರ ಇಡಲು ಕಲಿಸಿದಿರಿ, ಹಿರಿಯರು ಹೇಳದಿದ್ದರೆ ಇನ್ಯಾರು ಹೇಳಬೇಕು ಅಂದರು. ಹಿರಿಯರು ಹೇಳಲಿ, ಕೇಳಿದಾಗ. ನಲವತ್ತು ದಾಟಿದ ಗಂಡಸು ಹೆಂಡತಿಗೆ ಒಂದು ಪ್ರಶ್ನೆ ಕೇಳಲು ಅಕ್ಕನ ಫೋನಿಗೆ ಕಾಯುವಂತೆ ಮಾಡಿದ ಪ್ರೀತಿಯನ್ನು ನಾನು ಹೊಗಳಲಾರೆ.

ಒಂದು ವಿಷಯ ಮಾತ್ರ ಬೇರೆ. ಹೊಡೆತ ಬಡಿತ ಇರುವ ಮನೆಗೆ ಈ ಸಲಹೆ ಕೊಡುವುದೇ ಇಲ್ಲ. ಅಲ್ಲಿ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂತ ಕೈಕಟ್ಟಿ ಕೂರುವುದು ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಪ್ರಕಾರ ಪಕ್ಕದ ಮನೆಯವರೂ ಆ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112. ವಿಚಿತ್ರವೆಂದರೆ ನಾದಿನಿಯ ಪಾಸ್‌ಬುಕ್ ಲೆಕ್ಕ ಕೇಳುವವರೇ ಪಕ್ಕದ ಮನೆಯಿಂದ ಅಳು ಕೇಳಿದರೆ "ನಮಗ್ಯಾಕೆ ಊರ ಉಸಾಬರಿ" ಅಂತ ಟಿವಿ ಸದ್ದು ಹೆಚ್ಚಿಸುತ್ತಾರೆ.

ಆ ಅಕ್ಕ ಮೊನ್ನೆ ಮತ್ತೆ ಬಂದಿದ್ದರು. ನಾದಿನಿ ಈಗ ಫೋನ್ ಎತ್ತುತ್ತಾಳೆ, ಆದರೆ ತಮ್ಮನ ಮನೆಯಲ್ಲಿ ಜಗಳ ಮೊದಲಿಗಿಂತ ಜಾಸ್ತಿಯಾಗಿದೆಯಂತೆ. "ನಿಮ್ಮ ಮಾತು ಕೇಳಿ ಹೀಗಾಯ್ತು" ಅಂದರು. ಬರೀ ಮಾತಿನ ಜಗಳವೇ ತಾನೇ ಅಂತ ಕೇಳಿ ಖಚಿತ ಮಾಡಿಕೊಂಡೆ. ಹಾಗಾದರೆ ಆಡಲಿ ಬಿಡಿ, ಈಗಲಾದರೂ ಅವರವರೇ ಆಡುತ್ತಿದ್ದಾರಲ್ಲ ಅಂದೆ. ಅವರಿಗೆ ಆ ಉತ್ತರ ಹಿಡಿಸಲಿಲ್ಲ.