ಹರಿಹರನ ಬಲಭಾಗ ಯಾವ ಕಡೆ?
ಚಿತ್ರಕಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಸ್ಪರ್ಧೆಗೆ ಹರಿಹರೇಶ್ವರನ ಚಿತ್ರ ಬರೆಯುತ್ತಿದ್ದಾಳೆ. ಶಿವ ಯಾವ ಕಡೆ ಬರಬೇಕು? ಎಷ್ಟು ಸಲ ತಿದ್ದಿದರೂ ದೇವರು ಕುಳ್ಳಗೆ ಕಾಣುತ್ತಾನೆ.
– ಓದುಗರು, ಹರಿಹರ

ಉತ್ತರ: ಮೂರ್ತಿಯ ಬಲಭಾಗ ಶಿವನದು, ನೋಡುವವರಿಗೆ ಅದು ಎಡಗಡೆ. ಮಕ್ಕಳು ಎಡವುವುದು ಇಲ್ಲೇ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ನಿಮ್ಮೂರಲ್ಲೇ ಇದೆಯಲ್ಲ, ಮೊದಲು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ಶಿವನ ಅರ್ಧಕ್ಕೆ ಜಟೆ, ಚಂದ್ರ, ತ್ರಿಶೂಲ, ಹುಲಿಚರ್ಮ, ಬಿಳಿ ಮೈ. ವಿಷ್ಣುವಿನ ಅರ್ಧಕ್ಕೆ ಕಿರೀಟ, ಶಂಖ, ಚಕ್ರ, ಪೀತಾಂಬರ, ನೀಲಿ ಮೈ.

ಕುಳ್ಳಗಾಗುವುದು ಮುಖ ದೊಡ್ಡದಾದಾಗ, ಇಲ್ಲವೇ ಕಿರೀಟವನ್ನೂ ಎತ್ತರಕ್ಕೆ ಸೇರಿಸಿದಾಗ. ನವತಾಳ ಎಂದರೆ ಮೈಯ ಎತ್ತರ ಮುಖದ ಉದ್ದದ ಒಂಬತ್ತು ಪಟ್ಟು ಇರುವ ಶಿಲ್ಪಿಗಳ ಅಳತೆ; ಆ ಲೆಕ್ಕದಲ್ಲಿ ಮೈಯ ಎತ್ತರ 108 ಅಂಗುಲ (ಇಲ್ಲಿ ಅಂಗುಲವೆಂದರೆ ಇಂಚಲ್ಲ, ಮುಖದ ಹನ್ನೆರಡನೇ ಒಂದು ಪಾಲು). ಕಾಗದದ ಮೇಲೆ 27 ಸೆಂ.ಮೀ. ಗೆರೆ ಎಳೆದರೆ ಅಂಗುಲಕ್ಕೆ ಎರಡೂವರೆ ಮಿ.ಮೀ. ಬರುತ್ತದೆ. ಮೇಲಿನಿಂದ ಗುರುತು ಹಾಕುತ್ತಾ ಬನ್ನಿ: ಕೂದಲಂಚಿನಿಂದ ಗಲ್ಲದವರೆಗೆ ಮುಖ 3 ಸೆಂ.ಮೀ., ಕುತ್ತಿಗೆ 1, ಅಲ್ಲಿಂದ ಎದೆಗೆ 3, ಎದೆಯಿಂದ ಹೊಕ್ಕುಳಿಗೆ 3, ಹೊಕ್ಕುಳಿಂದ ಕಿಬ್ಬೊಟ್ಟೆಯ ಕೊನೆಗೆ 3, ತೊಡೆ 6, ಮಂಡಿ 1, ಮಂಡಿಯ ಕೆಳಗಿನ ಕಾಲು 6, ಪಾದ 1. ಜಟೆ, ಕಿರೀಟ ಇದರ ಮೇಲೆ. ಅವೆರಡರ ತುದಿ ಒಂದೇ ಮಟ್ಟದಲ್ಲಿರಲಿ, ಇಲ್ಲದಿದ್ದರೆ ತಲೆ ಒಂದು ಕಡೆ ವಾಲಿದಂತೆ ಕಾಣುತ್ತದೆ. ನಡುಗೆರೆಗೆ ಶಿಲ್ಪಿಗಳು ಬ್ರಹ್ಮಸೂತ್ರ ಎನ್ನುತ್ತಾರೆ; ಅದು ಹಣೆ, ಮೂಗು, ಹೊಕ್ಕುಳ ಮೂರನ್ನೂ ಹಾಯಬೇಕು. ಬಿಳಿ ಭಾಗ ಪೂರ್ತಿ ಒಣಗಿದ ಮೇಲೆಯೇ ನೀಲಿ ಹಚ್ಚಿಸಿ. ಅವಸರ ಮಾಡಿದರೆ ಬಣ್ಣ ಮೂಗಿನ ಮೇಲೆ ಹರಡಿ ಮುಖವೇ ಕೆಡುತ್ತದೆ.

ಪ್ರಶ್ನೆ: ಮೈಸೂರು ಶೈಲಿಯ ಸರಸ್ವತಿ ಬರೆಯುತ್ತಿದ್ದೇನೆ. ಕಿರೀಟದ ಜೆಸ್ಸೊ (ಚಿನ್ನದ ಹಾಳೆಯ ಕೆಳಗೆ ಹಾಕುವ ಉಬ್ಬು ಲೇಪ) ಬಿರುಕು ಬಿಡುತ್ತಿದೆ, ಏಕೆ?
– ಓದುಗರು, ಚಿತ್ರದುರ್ಗ

ಉತ್ತರ: ಒಂದೇ ಸಲ ದಪ್ಪಗೆ ಹಾಕುತ್ತಿದ್ದೀರಿ. ನಿಮ್ಮ ಕಡೆಯ ಒಣಗಾಳಿಗೆ ಮೇಲ್ಪದರ ಬೇಗ ಗಟ್ಟಿಯಾಗುತ್ತದೆ, ಒಳಗಿನ ಹಸಿ ಆಮೇಲೆ ಕುಗ್ಗಿ ಸೀಳುತ್ತದೆ. ತೆಳುಗೆರೆಯ ಮೇಲೆ ತೆಳುಗೆರೆ ಎಳೆಯಿರಿ, ಪ್ರತಿ ಸಲವೂ ನೆರಳಲ್ಲಿ, ಫ್ಯಾನ್ ಇಲ್ಲದೆ ಒಣಗಿಸಿ. ಅಂಟು ಹೆಚ್ಚಾದರೂ ಬಿರುಕು ಬಿಡುತ್ತದೆ, ಕಡಿಮೆಯಾದರೆ ಬೆರಳಿಗೆ ಪುಡಿ ಹತ್ತುತ್ತದೆ. ಮೈಸೂರಿನ ಜೆಸ್ಸೊ ತೆಳ್ಳಗೇ ಇರಬೇಕು, ಉಬ್ಬು ಹೆಚ್ಚಿರುವುದು ತಂಜಾವೂರಿನದು. ಹಳಬರು ಬಳಸುತ್ತಿದ್ದ ಮಕ್ಕಿ ಸಫೇದ ಸೀಸದ ಪುಡಿ, ವಿಷ. ಅದರ ಬದಲು ಜಿಂಕ್ ವೈಟ್ ಪುಡಿ ಬಳಸಿ.

ಪ್ರಶ್ನೆ: ಅಜ್ಜನ ಕಾಲದ ಲಕ್ಷ್ಮಿ ಪಟವೊಂದಿದೆ, ಮೂಲೆಯಲ್ಲಿ ರವಿವರ್ಮ ಎಂದಿದೆ. ನಿಜವಾದ ಹಳೆಯ ಮುದ್ರಣವೇ? ಹೇಗೆ ಒರೆಸಲಿ?
– ಓದುಗರು, ದಾವಣಗೆರೆ

ಉತ್ತರ: ಹೆಸರೊಂದನ್ನೇ ನಂಬಬೇಡಿ, ಪಟವನ್ನು ಮತ್ತೆ ಅಚ್ಚು ಹಾಕುವಾಗ ಹೆಸರೂ ಅಚ್ಚಾಗುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಕೆನ್ನೆಯ ಭಾಗ ನೋಡಿ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಪ್ರೆಸ್ಸಿನಲ್ಲಿ ಬಣ್ಣಕ್ಕೊಂದು ಕಲ್ಲಿನಿಂದ ಅಚ್ಚು ಹಾಕುತ್ತಿದ್ದರು. ಹಾಗಾಗಿ ಚುಕ್ಕೆಗಳು ಚೆಲ್ಲಾಪಿಲ್ಲಿ, ಒಂದರಂತೆ ಒಂದಿಲ್ಲ. ಚುಕ್ಕೆಗಳು ಸಾಲಾಗಿ, ಪುಟ್ಟ ಹೂವಿನಂತೆ ಜೋಡಿಸಿದ್ದರೆ ಅದು ಆಫ್‌ಸೆಟ್, ಈಚಿನದು. ಕೆಳಗಿನ ಅಂಚನ್ನೂ ಹುಡುಕಿ: ಪ್ರೆಸ್ಸಿನ ಹೆಸರು ಅಲ್ಲಿರಬಹುದು, ಕಟ್ಟು ಹಾಕುವವರು ಎಷ್ಟೋ ಸಲ ಅದನ್ನೇ ಕತ್ತರಿಸಿಬಿಟ್ಟಿರುತ್ತಾರೆ.

ಒದ್ದೆ ಬಟ್ಟೆ ಬೇಡವೇ ಬೇಡ. ಮೆತ್ತನೆಯ ಒಣ ಬ್ರಷ್ ಸಾಕು. ಹಿಂದಿನ ಮರದ ಹಲಗೆಯ ಆಮ್ಲ ಕಾಗದವನ್ನು ಕಂದಾಗಿಸಿ ಮುರುಕು ಮಾಡುತ್ತದೆ, ಅದನ್ನು ತೆಗೆಸಿ ಆಮ್ಲರಹಿತ ರಟ್ಟು ಹಾಕಿಸಿ. ಗಾಜು ಪಟಕ್ಕೆ ತಾಗದಂತೆ ಸುತ್ತ ರಟ್ಟಿನ ಅಂಚು ಕೊಡಿಸಿ. ತಾಗಿದರೆ ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಬಾಗಿಲಿಗೆ ಗಂಡಭೇರುಂಡ ಬರೆಸಬೇಕು. ಮನುಷ್ಯನ ಮೈ ಇರಬಹುದೇ?
– ಓದುಗರು, ಹೊಸದುರ್ಗ

ಉತ್ತರ: ಇರಬಹುದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ 1047ರ ಕಂಬದ ಮೇಲಿರುವುದು ಹಾಗೇ ಇದೆ. ರಾಜ್ಯ ಲಾಂಛನದಲ್ಲಿರುವುದು ಹಕ್ಕಿಯ ಮೈ. ಹಕ್ಕಿಯನ್ನೇ ಬರೆಸುವುದಾದರೆ ಕತ್ತುಗಳು ಎದೆಯ ಬುಡದಿಂದಲೇ ಕವಲೊಡೆಯಲಿ, ಕೊಕ್ಕುಗಳು ಹೊರಮುಖವಾಗಿರಲಿ.